ನಾಲ್ಕರ ವೇಗದ ಅತ್ತಿಗೆ

ನಮ್ಮ ಅತ್ತಿಗೆ ಚನ್ನಾಜಮ್ಮ ಕಂಪ್ಯೂಟರ್ ಮುಂದೆ ಕೂರುವ ಮೊದಲು ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳದೆ, ಗಾಳಿಗೆ ಹಿಡಿದು ಆರಿಸಿಕೊಂಡು ಬರುತ್ತಿದ್ದರು. ಸೆರಗಿನ ನೂಲು ಸೀಡಿಗೆ ಅಂಟುತ್ತದೆ ಅಂತ. ಅವರ ಮೈದುನ ಮಲ್ಲಿಕಾರ್ಜುನನಾದ ನಾನು ಅದನ್ನು ನೋಡಿ ನಗುತ್ತಿದ್ದೆ. ನಂಜನಗೂಡಿನಲ್ಲಿ ಮದುವೆ ವಿಡಿಯೋದ ಸ್ಟುಡಿಯೋ ಇಟ್ಟವನು ನಾನು, ಮೈಸೂರಿನಲ್ಲಿ ಮೂರು ತಿಂಗಳು ಕೋರ್ಸ್ ಮಾಡಿ ಸರ್ಟಿಫಿಕೇಟ್ ತಂದು ಗೋಡೆಗೆ ಹಾಕಿದವನು ನಾನು. ಅತ್ತಿಗೆ ಓದಿದ್ದು ಹುಲ್ಲಹಳ್ಳಿಯಲ್ಲಿ ಏಳನೇ ಕ್ಲಾಸು. ಈಗ ಒಪ್ಪಿಕೊಳ್ಳುತ್ತೇನೆ, ಆ ಸರ್ಟಿಫಿಕೇಟು ಗೋಡೆಯ ಬಿರುಕು ಮುಚ್ಚುವುದಕ್ಕಷ್ಟೇ ಉಪಯೋಗಕ್ಕೆ ಬಂತು.

ಎರಡು ಸಾವಿರದ ಒಂದರ ಹೊತ್ತಿಗೆ ಮದುವೆಗಳು ಕ್ಯಾಸೆಟ್ಟಿನಿಂದ ಸೀಡಿಗೆ ಬಂದವು. ಶೂಟಿಂಗ್ ಮಾಡಲು ನನಗೆ ಹುರುಪು, ಕಾಪಿ ಹಾಕಲು ಬೇಜಾರು. ಒಂದು ಡ್ರೈವಿಗೆ ಮೂಲ ಸೀಡಿ, ಇನ್ನೊಂದಕ್ಕೆ ಖಾಲಿ ಸೀಡಿ. ಅದು ಮೊದಲಿನಿಂದ ಕೊನೆಯ ತನಕ ಓದಬೇಕು, ಇದು ಬರೆಯಬೇಕು. ನಲವತ್ತು ಕಾಪಿ ಅಂದರೆ ಎರಡು ದಿನ. ಅಷ್ಟು ಹೊತ್ತು ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಅಣ್ಣ ಬಸ್ ಕಂಡಕ್ಟರ್, ಬೆಳಿಗ್ಗೆ ಹೋದರೆ ಸಂಜೆಗೆ ಬರುವವನು. ಕಂಪ್ಯೂಟರ್ ಇದ್ದದ್ದು ಮನೆಯ ಪಡಸಾಲೆಯಲ್ಲಿ, ಅಡುಗೆಮನೆಗೆ ನಾಲ್ಕು ಹೆಜ್ಜೆ. ಹಾಗಾಗಿ ಸೀಡಿ ಹಾಕುವ, ತೆಗೆಯುವ ಕೆಲಸ ಅತ್ತಿಗೆಯ ಪಾಲಿಗೆ ಬಂತು. ಬಂತು ಅಂದರೆ, ನಾನು ಅವರ ತಲೆಗೆ ಕಟ್ಟಿದೆ.

ಅವರು ಗಡಿಯಾರ ನೋಡುತ್ತಿರಲಿಲ್ಲ. ಒಂದು ಸೀಡಿಗೆ ಒಂದು ಒಬ್ಬೆ ಇಡ್ಲಿ ಅನ್ನುವುದು ಅವರ ಲೆಕ್ಕ. ಹಬೆಯ ವಾಸನೆ ಬಂದಾಗ ಎದ್ದು ಬರುವರು, ಆಗಲೇ ಡ್ರೈವೂ ಬಾಯಿ ತೆರೆದಿರುತ್ತಿತ್ತು.

ಒಂದು ತಿಂಗಳಾದ ಮೇಲೆ ಕೇಳಿದರು: "ಅಲ್ಲ ಮಲ್ಲಪ್ಪ, ಒಂದೊಂದ್ ಬಿಂದ್ಗೆಗೂ ಅದ್ಯಾಕೆ ಬಾವಿಗೋಯ್ತೀಯೆ? ಒಂದ್ಸಲ ಅಂಡೆ ತುಂಬ್ಕಂಡ್ರೆ ಅಲ್ಲಿಂದ್ಲೇ ಮೊಗ್ಕೋಬೋದಲ್ಲ?"

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಾಚಿಕೆಯಾಯಿತು. ಮೂಲ ಸೀಡಿಯನ್ನು ಒಮ್ಮೆ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡರೆ ಎರಡು ಡ್ರೈವಿನಲ್ಲೂ ಒಟ್ಟಿಗೆ ಬರೆಯಬಹುದಿತ್ತು. ಎರಡು ದಿನದ ಕೆಲಸ ಒಂದು ಬೆಳಗಿಗೆ ಇಳಿಯಿತು. ಊರಿನಲ್ಲಿ ಇದು ನನ್ನದೇ ಐಡಿಯಾ ಅಂತ ಹೇಳಿಕೊಂಡು ತಿರುಗಿದೆ. ಅತ್ತಿಗೆ ಕೇಳಿಸಿಕೊಂಡು ಮುಂದಿನ ಸೀಡಿ ಹಾಕುತ್ತಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ನರಸೀಪುರದ ದೊಡ್ಡಸಿದ್ದಯ್ಯನವರ ಮಗಳು ರಮ್ಯಳ ಮದುವೆ ಶೂಟಿಂಗ್ ನನಗೆ ಸಿಕ್ಕಿತು. ಅಷ್ಟು ಹೊತ್ತಿಗೆ ನಮ್ಮ ಕಡೆ ಒಂದು ಹೊಸ ಪದ್ಧತಿ ಹುಟ್ಟಿಕೊಂಡಿತ್ತು. ಬೀಗರೂಟದ ದಿನ ಪ್ರತಿ ಮನೆಗೂ ಎಲೆ, ಅಡಿಕೆ, ರಸಬಾಳೆಯ ಜೊತೆ ಮದುವೆಯ ಸೀಡಿ ಕೊಡಬೇಕು, ಅದೂ ಎಲ್ಲರಿಗೂ ಒಂದೇ ಹೊತ್ತಿಗೆ. ಇವತ್ತು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ ಅಂದಿರೋ, ಮುಗಿಯಿತು. ಹಿಂದಿನ ವರ್ಷ ಸೀಡಿ ಸಿಗದ ಚಿಕ್ಕಪ್ಪ ಒಬ್ಬರು ಹೋಳಿಗೆ ತಿಂದು ಹೋದವರು ವರ್ಷವಿಡೀ ಆ ಮನೆಯ ಹೊಸಿಲು ತುಳಿದಿರಲಿಲ್ಲ. ದೊಡ್ಡಸಿದ್ದಯ್ಯನವರು ಹೇಳಿದ್ದು ನಲವತ್ತು ಸೀಡಿ, ಭಾನುವಾರ ಮಧ್ಯಾಹ್ನದ ಊಟಕ್ಕೆ.

ಒಂದು ಸೀಡಿ ಮಾಡಿ, ನೋಡಿ ಒಪ್ಪಿಗೆ ಹೇಳಲಿ ಅಂತ ಅವರ ಮನೆಗೆ ಕಳಿಸಿದೆ. ಕಳಿಸಿ ಸುಮ್ಮನಿರಬೇಕಿತ್ತು. ಹಾರ್ಡ್ ಡಿಸ್ಕಿನಲ್ಲಿ ಜಾಗವಿಲ್ಲ ಅಂತ ರಮ್ಯಳ ಮದುವೆಯನ್ನು ಪೂರ್ತಿ ಅಳಿಸಿದೆ, ಅದನ್ನು ಶೂಟ್ ಮಾಡಿದ್ದ ಕ್ಯಾಮೆರಾ ಟೇಪಿನ ಮೇಲೆಯೇ ತಾಂಡವಪುರದ ಇನ್ನೊಂದು ಮದುವೆ ತೆಗೆದೆ. ರಮ್ಯಳ ಮದುವೆ ಉಳಿದದ್ದು ನರಸೀಪುರದಲ್ಲಿದ್ದ ಆ ಒಂದೇ ಸೀಡಿಯಲ್ಲಿ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ನನ್ನಂಥವನನ್ನು ನೋಡಿಯೇ ಇರಬೇಕು.

ಶುಕ್ರವಾರ ನಾನು ಊರಲ್ಲಿರಲಿಲ್ಲ. ರಮ್ಯಳ ತಾಯಿ ಸಿದ್ದಲಿಂಗಮ್ಮನವರೇ ಬಸ್ಸಿನಲ್ಲಿ ಬಂದು ಸೀಡಿಯನ್ನು ಅತ್ತಿಗೆಯ ಕೈಗೆ ಕೊಟ್ಟು ಹೋಗಿದ್ದರು. ಶನಿವಾರ ಮಧ್ಯಾಹ್ನ ಡ್ರೈವಿಗೆ ಹಾಕಿ, ಐವತ್ತೆರಡರ ವೇಗಕ್ಕೆ ಇಟ್ಟೆ. ನನ್ನ ಡ್ರೈವಿನ ಅತಿ ಹೆಚ್ಚಿನ ವೇಗ ಅದು. ಮೂರೇ ನಿಮಿಷದ ಕೆಲಸ. ಅರಿಶಿನ ಶಾಸ್ತ್ರ ಸಲೀಸಾಗಿ ಬಂತು, ಧಾರೆಯ ಹತ್ತಿರ ನಿಂತಿತು. ಡ್ರೈವು ಗಿರ್ರೆಂದು ತಿರುಗುತ್ತದೆ, ಉಸಿರು ಬಿಡುತ್ತದೆ, ಮತ್ತೆ ಅಲ್ಲೇ ತಿರುಗುತ್ತದೆ. ಒಂದು ಗಂಟೆ ಕಾದೆ. ಕೊನೆಗೆ ಆಗುವುದಿಲ್ಲ ಅಂತ ಪರದೆಯ ಮೇಲೆ ಬಂತು.

ತೆಗೆದು ನೋಡಿದರೆ ಹೊಳೆಯುವ ಮೈ ತುಂಬಾ ಗೀರು, ನಡುವಿನ ತೂತಿನ ಸುತ್ತ ಬೆಳ್ಳನೆಯ ಪುಡಿ. ಪಾತ್ರೆ ಉಜ್ಜುವ ಪುಡಿಯೇ ಅಂತ ತೀರ್ಮಾನಿಸಿದೆ. ಆಲ್ಬಮ್ ಕೇಳಲು ಬಂದ ಗಿರಾಕಿಯೊಬ್ಬರು ಅಲ್ಲೇ ಕೂತಿದ್ದರು, ಅದೂ ನನಗೆ ಕಾಣಲಿಲ್ಲ.

"ಮುಸುರೆ ಕೈಯಲ್ಲಿ ಮುಟ್ಟಿದ್ದೀರಿ ಅತ್ತಿಗೆ! ಏಳನೇ ಕ್ಲಾಸಿನವರ ಕೈಗೆ ಮಿಷನ್ ಕೊಟ್ನಲ್ಲ, ನನ್ನ ಬುದ್ಧಿಗಿಷ್ಟು! ಒಂದು ಮದುವೆ ಹಾಳಾಯ್ತು!"

ಕೈ ತೊಳೆದು ಗಾಳಿಗೆ ಆರಿಸಿಕೊಳ್ಳುವ ಹೆಂಗಸಿಗೆ ನಾನು ಹೇಳಿದ ಮಾತು ಇದು. ಅತ್ತಿಗೆಯ ಮುಖ ಕೆಂಪಾಯಿತು. ಸೀಡಿ ತಗೊಂಡು ಬಚ್ಚಲಿಗೆ ಹೋಗಿ ಸೋಪಿನ ನೀರಲ್ಲಿ ತೊಳೆದರು. ಹಳೆಯ ಪಂಚೆಯ ತುಂಡಿನಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದರು, ಸುತ್ತಲೂ ಉಜ್ಜಲಿಲ್ಲ.

"ವೇಗ ಇಳ್ಸು ಮಲ್ಲಪ್ಪ. ನಾಕಕ್ಕೆ ಇಡು."

"ನಾಳೆ ಹತ್ತಕ್ಕೆ ಬಸ್ಸು. ನೀವು ನಿಧಾನ ಅಂತೀರಲ್ಲ!"

"ಗುಂಡಿ ರಸ್ತೇಲಿ ಸೈಕಲ್ ಜೋರಾಗ್ ಬುಟ್ರೆ ಬಿದ್ದು ಎದ್ದು ಓಗೋದ್ಕೇ ಒತ್ತಾಯ್ತದೆ. ಮೆಲ್ಲುಕ್ಕೆ ಬುಟ್ರೆ ಮೊದ್ಲೇ ಸೇರ್ಕತೀವಿ. ಗೀರು ಬಿದ್ದಿದ್ದ ಇಸ್ಕೂಲ್ ಮಕ್ಕಳ ಡ್ಯಾನ್ಸ್ ಸೀಡಿನೆಲ್ಲ ಅಂಗೇ ಎತ್ಕೊಟ್ಟಿವ್ನಿ, ನೀನು ಯಾವತ್ತು ಕೇಳ್ದೆ?"

ನನ್ನ ಉತ್ತರಕ್ಕೆ ಕಾಯದೆ ತಾವೇ ಕೂತು ವೇಗವನ್ನು ನಾಲ್ಕಕ್ಕೆ ಇಳಿಸಿದರು. ಡ್ರೈವಿನ ಚೀರಾಟ ನಿಂತು, ಒನಕೆ ಕುಟ್ಟುವ ಹಾಗೆ ಒಂದು ನಿಧಾನದ ಸದ್ದು ಶುರುವಾಯಿತು. ಧಾರೆಯ ಹತ್ತಿರ ಎರಡು ಸಲ ತಡವರಿಸಿತು. ನಾನು ನಂಜುಂಡೇಶ್ವರನಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ. ಇಪ್ಪತ್ತೈದು ನಿಮಿಷಕ್ಕೆ ಇಡೀ ಮದುವೆ ಹಾರ್ಡ್ ಡಿಸ್ಕಿನಲ್ಲಿತ್ತು. ಧಾರೆ ಎರೆಯುವಾಗ ಶಾಸ್ತ್ರ ಮಾಡಿಸುವ ಅಯ್ಯನವರ ಮುಖ ಕ್ಷಣಕಾಲ ಚೌಕ ಚೌಕವಾಗುತ್ತಿತ್ತು, ಅಷ್ಟೇ ನಷ್ಟ. ಅತ್ತಿಗೆ ಎದ್ದು ಸಾರಿಗೆ ಒಗ್ಗರಣೆ ಹಾಕಲು ಹೋದರು. ಕೆಡಿಸಿದವರೇ ಸರಿ ಮಾಡಿದರು, ಅದರಲ್ಲೇನು ಅಂತ ಒಳಗೇ ಗೊಣಗಿಕೊಂಡೆ.

ಭಾನುವಾರ ಬೆಳಿಗ್ಗೆ ಎರಡು ಡ್ರೈವಿನಲ್ಲಿ ಇಪ್ಪತ್ತು ಒಬ್ಬೆ, ಒಟ್ಟು ನಲವತ್ತು ಸೀಡಿ. ಹತ್ತರ ಬಸ್ಸು ಅಣ್ಣನದೇ. ಚೀಲವನ್ನು ತನ್ನ ಸೀಟಿನ ಕೆಳಗಿಟ್ಟುಕೊಂಡು ನಮ್ಮಿಬ್ಬರನ್ನೂ ನರಸೀಪುರದಲ್ಲಿ ಇಳಿಸಿದ. ಅತ್ತಿಗೆಗೂ ಕರೆಯೋಲೆ ಇತ್ತು. ಅದೇಕೆ ಅಂತ ನನಗೆ ಆಗ ಹೊಳೆಯಲಿಲ್ಲ.

ಊಟ ಚೆನ್ನಾಗಿ ಆಯಿತು. ನಲವತ್ತು ಮನೆಗೂ ಒಂದೇ ಹೊತ್ತಿಗೆ ತಾಂಬೂಲ ಹೋಯಿತು, ಯಾರ ಮುಖವೂ ಸೊಟ್ಟಗಾಗಲಿಲ್ಲ. ದೊಡ್ಡಸಿದ್ದಯ್ಯನವರು ಎಲ್ಲರೆದುರು ನನ್ನ ಬೆನ್ನು ತಟ್ಟಿ, "ಮಿಷನ್ ಇಟ್ರೆ ಇವನಂಗೆ ಇಡ್ಬೇಕು ಕಣ್ರಪ್ಪ!" ಅಂದರು. ನಾನು ಬೀಗಿದೆ. ಕೈ ತೊಳೆಯಲು ಒಳಗೆ ಹೋಗುವಾಗ ದೇವರಕೋಣೆಯ ಬಾಗಿಲು ತೆರೆದಿತ್ತು. ಗದ್ದಿಗೆಯ ಪಕ್ಕದಲ್ಲಿ ನಮ್ಮ ಸೀಡಿ, ಅದರ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ. ಬಗ್ಗಿ ನೋಡಿದೆ. ಹಿಂದೆ ಸಿದ್ದಲಿಂಗಮ್ಮನವರು ಬಂದು ನಿಂತಿದ್ದರು.

"ಈ ಸಲ ಡಬ್ಬಿಗೇ ಬಳ್ದಿದ್ದೀನಿ ಕಣಪ್ಪ, ಒಳೀಕೆ ಮುಟ್ಟಿಲ್ಲ. ನಿಮ್ಮತ್ತಿಗೇನೆ ಯೋಳ್ಕೊಟ್ಟದ್ದು. ಮಗಳ ಮದ್ವೆ ಅಂತ ಆ ಒಳೆಯೋ ಕಡೆಗೇ ವಿಭೂತಿ ಇಟ್ಟು ಪೂಜೆ ಮಾಡಿ, ಆಮೇಲೆ ಸೆರಗಲ್ಲಿ ಉಜ್ಜಿ ತಂದ್ಕೊಟ್ಬುಟ್ಟಿದ್ದೆ. ನಮ್ಮನೆಯವ್ರಿಗೆ ಗೊತ್ತಾದ್ರೆ ಬೀಗ್ರ ಮುಂದೆ ಮಾನ ತೆಗೀತಿದ್ರು. ಯಾರ್ಗೂ ಯೋಳ್ಬ್ಯಾಡಿ ಅಂತ ಚನ್ನಾಜಕ್ಕನ ಕೈ ಇಡ್ಕಂಡಿದ್ದೆ."

ಹೊರಗೆ ಚಪ್ಪರದಡಿ ಅತ್ತಿಗೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ನಾಚಿಕೆಯಿಂದ ಕಣ್ಣು ಎತ್ತಲಾಗಲಿಲ್ಲ.

"ತಪ್ಪಾಯ್ತು ಅತ್ತಿಗೆ. ನಿನ್ನೆ ಅಷ್ಟು ಬೈದೆನಲ್ಲ, ನನಗಾದರೂ ಹೇಳಬಾರದಿತ್ತಾ?"

ಅತ್ತಿಗೆ ಎಲೆ ಮಡಚಿ ನನ್ನ ಕೈಗೆ ಕೊಟ್ಟರು. "ಯೋಳಿದ್ರೆ ನೀನು ದೊಡ್ಡಸಿದ್ದಯ್ಯನ ತಾವ ಕೂಗಾಡ್ತಿದ್ದೆ. ಆಯಮ್ಮ ಅಷ್ಟು ಜನದ ಮುಂದೆ ಬೈಸ್ಕೊಳ್ಳೋದು. ನಿನ್ ಬೈಗ್ಳ ನಂಗೇನು, ಅಭ್ಯಾಸ ಆಗೋಗದೆ."

ಅವರು ಅದನ್ನು ನಗುತ್ತಲೇ ಹೇಳಿದರು. ನಾನು ಎದ್ದು ದೊಡ್ಡಸಿದ್ದಯ್ಯನವರ ಬಳಿ ಹೋಗಿ, ವಿಭೂತಿಯ ವಿಷಯ ಬಿಟ್ಟು, ಹೇಳಬೇಕಾದ್ದನ್ನು ಹೇಳಿದೆ: "ಯಜಮಾನರೇ, ಬೆನ್ನು ತಟ್ಟೋದಾದರೆ ಆ ಕಡೆ ಕೂತಿದ್ದಾರಲ್ಲ, ನಮ್ಮ ಅತ್ತಿಗೆ, ಅವರಿಗೆ ತಟ್ಟಿ. ನಿಮ್ಮ ಮಗಳ ಮದುವೆ ಉಳಿಸಿದ್ದು ಅವರು." ಚಪ್ಪರದವರೆಲ್ಲ ತಿರುಗಿ ನೋಡಿದರು. ಅತ್ತಿಗೆ ಸೆರಗು ಸರಿಮಾಡಿಕೊಂಡು, ಸುಣ್ಣದ ಡಬ್ಬಿಯ ಮುಚ್ಚಳ ಹಾಕಿ ತೆಗೆದು, ಮತ್ತೆ ಹಾಕಿದರು.