ಅಜ್ಜಿ ಸುಮ್ಮನೆ ನಡೆದ ಚಳಿಗಾಲ

ರಾಣಿ ಮುಖದ ರೂಪಾಯಿ ಚಲಾವಣೆಯಲ್ಲಿದ್ದ ಆ ಕಾಲದ ಬಳ್ಳಾರಿಯಲ್ಲಿ ಹೆಂಗಸರು ಹೊಸ್ತಿಲು ದಾಟಬೇಕಾದರೆ ಏನಾದರೊಂದು ಕೆಲಸ ಇರಬೇಕಿತ್ತು. ನೀರಿಗೆ ಹೋಗಬಹುದು, ಗುಡಿಗೆ ಹೋಗಬಹುದು, ಬಾಣಂತಿಯನ್ನು ನೋಡಿ ಬರಬಹುದು. ಬರಿಗೈಯಲ್ಲಿ, ಎಲ್ಲಿಗೂ ಅಲ್ಲದೆ, ನಡೆಯುವುದಕ್ಕೆಂದೇ ಹೊರಟ ಹೆಂಗಸನ್ನು ನಮ್ಮ ಓಣಿಯವರು ಕಂಡಿರಲಿಲ್ಲ. ಮೊದಲು ಕಂಡದ್ದು ನಮ್ಮ ಅಜ್ಜಿಯನ್ನು.

ಅಜ್ಜಿ ಸಿರುಗುಪ್ಪದ ಕಡೆಯ ದೇಶನೂರಿನವಳು, ನೆಲ್ಲಿನ ಗದ್ದೆಯ ಬದುವಿನ ಮೇಲೆ ಓಡಾಡಿ ಮುಪ್ಪಾದವಳು. ತಾತ ತೀರಿಕೊಂಡ ಮೇಲೆ ಅಪ್ಪ ಅವಳನ್ನು ಬಳ್ಳಾರಿಗೆ ಕರೆತಂದ. ಅಪ್ಪನದು ಅರಳೆ ವ್ಯಾಪಾರ. ನಮ್ಮ ಮನೆಯ ಮುಂದೆ ಇಕ್ಕಟ್ಟಾದ ಓಣಿ, ಹಿಂದೆ ಪಕ್ಕದವರ ಗೋಡೆ. ಅಜ್ಜಿ ಪಡಸಾಲೆಯ ಕಂಬಕ್ಕೆ ಒರಗಿ ಕೂತವಳು ಕೂತೇಬಿಟ್ಟಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕಾಲು ಬಾತು, ಮಾತು ಕಡಿಮೆಯಾಗಿತ್ತು. ನಾಟಿ ವೈದ್ಯರಾದ ಪಂಡಿತರು ಬಂದು ನಾಡಿ ಹಿಡಿದು ನೋಡಿದರು.

"ಇದಕ್ಕ ಗುಳಿಗಿ ಬ್ಯಾಡ್ರಿ. ಹೊತ್ತು ಹೊಂಟ ಕೂಡ್ಲೆ ದಿನಾ ನಡಿಸ್ರಿ, ಸಾಕು."

"ಎಲ್ಲಿಗೆ ನಡೀಬೇಕ್ರಿ?" ಎಂದು ಅಪ್ಪ ಕೇಳಿದ.

"ಎಲ್ಲಿಗರ ನಡೀಲಿ. ಕಾಲಿಗೆ ಊರಿನ ಹೆಸರು ಹೇಳಬೇಕೇನ್ರಿ?"

ಹಾಗೆ ಆ ಚಳಿಗಾಲ ಶುರುವಾಯಿತು. ಅಜ್ಜಿಯ ಜೊತೆಗೆ ಯಾರನ್ನು ಕಳಿಸುವುದು? ಅವ್ವನಿಗೆ ಒಲೆ ಬಿಟ್ಟು ಏಳಲು ಆಗದು. ಒಬ್ಬಳೇ ಮಗಳಾದ ನಾನು ಸಿಕ್ಕಿದೆ. ನನಗಾಗ ಎಂಟೋ ಒಂಬತ್ತೋ ವರ್ಷ.

ಮೊದಮೊದಲು ಅಜ್ಜಿಗೆ ಬಹಳ ನಾಚಿಕೆ. ಕಂಕುಳಲ್ಲಿ ಒಂದು ಖಾಲಿ ಬುಟ್ಟಿ ಇಟ್ಟುಕೊಂಡು ಹೊರಡುತ್ತಿದ್ದಳು, ಯಾರಾದರೂ ಕೇಳಿದರೆ "ಕುಳ್ಳು ತರಾಕ" ಎನ್ನಲು. ಒಂದು ಬೆರಣಿಯೂ ಇಲ್ಲದೆ ದಿನವೂ ಮನೆಗೆ ಬರುವುದನ್ನು ಕಂಡು ಓಣಿಯ ಹೆಂಗಸರು ನಗತೊಡಗಿದ ಮೇಲೆ ಬುಟ್ಟಿಯನ್ನು ಅಟ್ಟಕ್ಕೆ ಎಸೆದಳು. "ನಗಲಿ ಬಿಡು ನೀಲಿ, ಬುಟ್ಟಿ ಭಾರ ಆಕ್ಕೈತಿ" ಅಂದಳು.

ನಾವು ಹೋಗುತ್ತಿದ್ದದ್ದು ಕಂಟೋನ್ಮೆಂಟಿನ ಕಡೆಗೆ. ಪೇಟೆಯ ಚರಂಡಿ, ಎಮ್ಮೆ, ಗದ್ದಲ ಮುಗಿದು ಅಲ್ಲಿ ಬೇರೆಯೇ ಊರು ತೊಡಗುತ್ತಿತ್ತು. ಅಗಲವಾದ ಕೆಂಪು ರಸ್ತೆ, ಎರಡೂ ಬದಿ ಬೇವಿನ ಮರಗಳ ಸಾಲು, ಮರಗಳ ಹಿಂದೆ ದೂರದಲ್ಲಿ ಬಂಗಲೆಗಳು. ಎಲ್ಲಿಂದಲೋ ದೊರೆಗಳ ರೊಟ್ಟಿ ಬೇಯುವ ಹುಳಿ ಹುಳಿ ವಾಸನೆ, ಲಾಯದ ಕುದುರೆಗಳ ವಾಸನೆ, ಇಬ್ಬನಿಗೆ ತೊಯ್ದ ಮಣ್ಣಿನ ವಾಸನೆ. ಬಂಗಲೆಗಳು ಮುಗಿದ ಮೇಲೆ ದೊಡ್ಡದೊಂದು ಹುಣಸೆತೋಪು. ಅದರಾಚೆಗೆ ಎರೆಹೊಲ, ಕಣ್ಣು ಹೋದಷ್ಟು ದೂರ ಅರಳಿ ನಿಂತ ಹತ್ತಿ. ಮುಳ್ಳುಪೊದೆಗಳಲ್ಲಿ ಗಜ್ಜುಗ ಸಿಗುತ್ತಿದ್ದವು. ಬೂದುಬಣ್ಣದ ಆ ನುಣುಪು ಬೀಜಗಳನ್ನು ನಾನು ಲಂಗದಲ್ಲಿ ಕಟ್ಟಿಕೊಂಡು ಬಂದು ಮಧ್ಯಾಹ್ನವೆಲ್ಲ ಗೆಳತಿಯರೊಡನೆ ಆಡುತ್ತಿದ್ದೆ. ಹೊಲದವರು ಕೊಟ್ಟ ಹಸಿಕಡಲೆಯ ಗಿಡ ಹಿಡಿದು ಅಜ್ಜಿಯೂ ನಾನೂ ಸುಲಿದು ತಿನ್ನುತ್ತ ಬರುವಾಗ ತುಟಿಯೆಲ್ಲ ಹುಳಿಯಾಗಿರುತ್ತಿತ್ತು.

ಒಂದು ಬೆಳಿಗ್ಗೆ ತೋಪಿನ ಬಾಯಲ್ಲಿ ಕಾವಲುಗಾರ ತಡೆದ.

"ಎಲ್ಲಿಗೆ ಹೊಂಟಿ ಮುದುಕಿ? ಯಾರ ಮನಿಗೆ?"

"ಯಾರ ಮನಿಗೂ ಇಲ್ಲಪ್ಪ. ಸುಮ್ನ."

"ಸುಮ್ನ ಯಾರು ಬರ್ತಾರ? ಕಟ್ಟಿಗಿ ಕದಿಯಾಕ ಬಂದೀರಿ. ನಡೀರಿ ಹಿಂದಕ್ಕ!"

ಅಷ್ಟರಲ್ಲಿ ತೋಪಿನೊಳಗಿಂದ ಒಬ್ಬ ಮುದುಕಿ ದೊರೆಸಾನಿ ಕೋಲೂರಿಕೊಂಡು ಬಂದಳು, ಜೊತೆಗೆ ಕಂದು ಬಣ್ಣದ ನಾಯಿ. ದಂಡಿನ ಡಾಕ್ಟರ ತಾಯಿ ಅವಳು. ಬಹಳ ವರ್ಷ ಮದರಾಸಿನ ಕಡೆ ಇದ್ದುದರಿಂದ ಮುರುಕು ತೆಲುಗು ಬರುತ್ತಿತ್ತು. ಅಜ್ಜಿಗೂ ಸಿರುಗುಪ್ಪದ ಸಂತೆಯ ತೆಲುಗು ಗೊತ್ತಿತ್ತು.

"ಎಕ್ಕಡಿಕಿ?" ಎಲ್ಲಿಗೆ ಎಂದು ದೊರೆಸಾನಿಯೂ ಕೇಳಿದಳು.

"ಎಕ್ಕಡಿಕೀ ಲೇದಮ್ಮ. ಊರಿಕೆ" ಅಂದಳು ಅಜ್ಜಿ. ತೆಲುಗಿನಲ್ಲಿ 'ಊರಿಕೆ' ಅಂದರೆ ಸುಮ್ಮನೆ.

ದೊರೆಸಾನಿಯ ಮುಖ ಅರಳಿತು. ಎದೆಯ ಮೇಲೆ ಕೈಯಿಟ್ಟುಕೊಂಡು, "ನೇನೂ ಊರಿಕೇ!" ಅಂದಳು. ನಾನೂ ಸುಮ್ಮನೆಯೇ! ಕಾವಲುಗಾರ ಇಬ್ಬರು ಮುದುಕಿಯರನ್ನೂ ಮಿಕಿಮಿಕಿ ನೋಡಿ ದಾರಿ ಬಿಟ್ಟ.

ಆಮೇಲೆ ದಿನವೂ ತೋಪಿನಲ್ಲಿ ನಾಲ್ವರೂ ಕೂಡುತ್ತಿದ್ದೆವು, ನಾಯಿಯೂ ಸೇರಿ. ದೊರೆಸಾನಿ ಕೋಲಿನಿಂದ ಧೂಳಿನಲ್ಲಿ ಗೆರೆ ಎಳೆದು ತನ್ನ ಊರು ತೋರಿಸುತ್ತಿದ್ದಳು. ಊರಿನ ಹಿಂದೆ ಕಾಡಂತೆ. ಚಳಿ ಹೋಗಿ ಮರಗಳು ಚಿಗುರುವ ಹೊತ್ತಿಗೆ ಕಾಡಿನ ನೆಲವೆಲ್ಲ ನೀಲಿ ಹೂವಾಗುತ್ತದಂತೆ. ಎಷ್ಟು ನೀಲಿ ಎಂದು ಕೇಳಿದ್ದಕ್ಕೆ ನನ್ನ ಲಂಗ ಹಿಡಿದು ತೋರಿಸಿದಳು. ಕಾಡು ದಾಟಿದರೆ ಅಲ್ಲಿಯ ದೊಡ್ಡ ಜಮೀನುದಾರನ ತೋಪು, ಅದರಲ್ಲಿ ಜಿಂಕೆಗಳು. ತೋಪಿನ ನಡುವೆಯೇ ಕಾಲುಹಾದಿ. ಅದರಲ್ಲಿ ಯಾರು ಬೇಕಾದರೂ ನಡೆಯಬಹುದು, ಜಮೀನುದಾರನೂ ತಡೆಯುವ ಹಾಗಿಲ್ಲವಂತೆ.

"ಅಲ್ಲಿ ನಮ್ಮಂಥ ಮುದುಕೇರೂ ಸುಮ್ನ ತಿರುಗತಾರಂತೇನು? ಕೇಳೇ ನೀಲಿ, ಎಂಥಾ ಚಂದದ ಊರು!" ಎಂದು ಅಜ್ಜಿ ಕಣ್ಣರಳಿಸಿದಳು. ತಾನೂ ದೇಶನೂರಿನ ಗದ್ದೆ, ಬದು, ಬೆಳ್ಳಕ್ಕಿಗಳ ಸಾಲು ಎಲ್ಲವನ್ನೂ ಹೇಳಿದಳು. ಮನೆಗೆ ಬರುವಾಗ, "ಪಾಪ, ಆಕಿನೂ ನನ್ನಂಗ ಮಗನ ಕರಕೊಂಡು ಬಂದಾನ" ಅಂದಳು.

ಸುದ್ದಿ ಅರಳೆಪೇಟೆಗೆ ಮುಟ್ಟಲು ತಡವಾಗಲಿಲ್ಲ. ಅಪ್ಪ ಊಟಕ್ಕೆ ಬಂದವನು ಕೈ ತೊಳೆಯುವ ಮುಂಚೆಯೇ ಹೇಳಿದ.

"ಯವ್ವಾ, ನಾಳಿಂದ ಆ ಕಡಿ ಹೋಗಬ್ಯಾಡ. ಬಸಪ್ಪನ ತಾಯಿ ದೊರಿಸಾನಿ ಕೂಡ ಹವಾ ತಿನ್ನಾಕ ಹೋಗ್ತಾಳಂತ ಮಂದಿ ಆಡಿಕೊಳ್ಳಾಕ ಹತ್ಯಾರ."

"ಹವಾಕ್ಕ ಯಾವ ಮೈಲಿಗಿ ಐತಿ ಲೇ?"

"ಬ್ಯಾಡಂದ್ರ ಬ್ಯಾಡ!"

ಅಜ್ಜಿ ಮತ್ತೆ ಕಂಬಕ್ಕೆ ಒರಗಿದಳು. ಮನೆಯಲ್ಲಿ ಎಲ್ಲರಿಗೂ ಕಸಿವಿಸಿ. ಕೆಲವು ದಿನ ಹೀಗೇ ಕಳೆದ ಮೇಲೆ ಒಂದು ಸಂಜೆ ಅವಳು ಅಪ್ಪನನ್ನು ಹತ್ತಿರ ಕರೆದು ಕಾಲು ಚಾಚಿದಳು. ಅಪ್ಪ ಹೆಬ್ಬೆರಳಿನಿಂದ ಒತ್ತಿ ನೋಡಿದ. ಒತ್ತಿದ ಕಡೆ ಬಿದ್ದ ಗುಳಿ ಹಾಗೇ ನಿಂತಿತು.

"ಬಸ್ಯಾ, ನಾ ಸತ್ತ ದಿನ ಮಂದಿ ಹೆಂಗೂ ಹೊತಕೊಂಡು ಹೋಗ್ತಾರ. ಅಲ್ಲಿಮಟ ನನ್ನ ಕಾಲ ಮ್ಯಾಲೆ ನಡೀತೀನಿ. ನಿನಗ ಅನುಮಾನ ಇದ್ರ ನೀನೂ ಬಾ, ಬಂದು ನೋಡು."

ಮರುದಿನ ಬೆಳಿಗ್ಗೆ ನೋಡಿದರೆ ಅಪ್ಪ ರುಮಾಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ!

ಪೇಟೆ ದಾಟುವವರೆಗೆ ನಮಗೂ ತನಗೂ ಸಂಬಂಧವಿಲ್ಲದವನಂತೆ ಹಿಂದೆ ಹಿಂದೆ ಬಂದ. ಬೇವಿನ ಸಾಲಿನಲ್ಲಿ ಸ್ವಲ್ಪ ಹತ್ತಿರವಾದ. ತೋಪಿಗೆ ಬರುವಾಗ ಪಕ್ಕದಲ್ಲಿದ್ದ. ಅಜ್ಜಿ ಮೇಲಕ್ಕೆ ನೋಡಿ, "ಅಬ್ಬ, ಹುಣಸಿ ದೋರೆಗಾಯಿ ಆಗ್ಯಾವು! ಸಣ್ಣಾಂವ ಇದ್ದಾಗ ಹಳ್ಳದ ದಂಡಿ ಮರ ಒಂದೂ ಬಿಟ್ಟಿರಲಿಲ್ಲ ನೀನು. ಈಗ ಎಲ್ಲಿ ಹತ್ತೀ, ಹೊಟ್ಟಿ ಬಂದೈತಿ" ಅಂದಳು.

ಅಪ್ಪ ಅತ್ತಿತ್ತ ನೋಡಿದ. ಯಾರೂ ಇರಲಿಲ್ಲ. ರುಮಾಲು ಬಿಚ್ಚಿ ನನ್ನ ಕೈಗೆ ಕೊಟ್ಟ, ಧೋತರದ ಕಚ್ಚೆ ಬಿಗಿದ. ನೋಡನೋಡುತ್ತ ಕೊಂಬೆಯ ಮೇಲಿದ್ದ! ದೋರೆಗಾಯಿಗಳು ಪಟಪಟ ಉದುರಿದವು. ಅಜ್ಜಿ ಸೆರಗಿನ ಗಂಟಿನಿಂದ ಉಪ್ಪು ತೆಗೆದಳು.

ಆಗಲೇ ದೊರೆಸಾನಿಯ ನಾಯಿ ಓಡಿಬಂದು ಮರದ ಬುಡದಲ್ಲಿ ನಿಂತು ಬೊಗಳತೊಡಗಿತು. ಅಪ್ಪ ಇನ್ನೊಂದು ಕೊಂಬೆ ಮೇಲೆ ಹೋದ. ದೊರೆಸಾನಿ ಏದುಸಿರು ಬಿಡುತ್ತ ಬಂದು, "ದಿಗಂಡಿ, ದಿಗಂಡಿ! ಕುಕ್ಕ ಮಂಚಿದಿ!" ಅಂದಳು. ಇಳಿಯಿರಿ, ನಾಯಿ ಒಳ್ಳೆಯದು ಎಂದು.

"ಯವ್ವಾ, ನಾನೂ ಒಳ್ಳೇವ ಅಂತ ಮೊದ್ಲು ಆ ನಾಯಿಗೆ ಹೇಳಾಕ ಹೇಳು!" ಎಂದು ಅಪ್ಪ ಮೇಲಿನಿಂದ ಕೂಗಿದ.

ಆ ಹೊತ್ತಿಗೆ ಸರಿಯಾಗಿ ಸಿರುಗುಪ್ಪದ ಕಡೆಯಿಂದ ಅರಳೆ ಹೇರಿದ ಬಂಡಿಗಳು ರಸ್ತೆಯಲ್ಲಿ ಬಂದವು. ಅಪ್ಪನ ಅಂಗಡಿಗೇ ಮಾಲು ತರುವವರು. ಮುಂದಿನ ಬಂಡಿಯವ ಎತ್ತು ನಿಲ್ಲಿಸಿ ಬಾಯಿ ತೆರೆದ.

"ಸಾವ್ಕಾರ್ರ, ಮರದಾಗ ಏನ್ ಮಾಡಾಕ ಹತ್ತೀರಿ?"

ಅಪ್ಪ ಕೊಂಬೆಯನ್ನು ಇನ್ನಷ್ಟು ಗಟ್ಟಿಯಾಗಿ ತಬ್ಬಿಕೊಂಡ. ಆಮೇಲೆ, "ಏನಿಲ್ಲಪ್ಪ, ಸುಮ್ನ ಅದೀನಿ" ಅಂದ.

ಅಜ್ಜಿ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ದೊರೆಸಾನಿ ಯಾಕೆಂದು ತಿಳಿಯದೆಯೇ ನಕ್ಕಳು. ಕೊನೆಗೆ ಅಪ್ಪನಿಗೂ ನಗು ತಡೆಯಲಾಗದೆ ಕೊಂಬೆಯೇ ಅಲುಗಾಡಿ ಇನ್ನಷ್ಟು ಕಾಯಿ ಉದುರಿದವು. ಅಜ್ಜಿ ಉಪ್ಪು ಹಚ್ಚಿ ಕೊಟ್ಟ ಕಾಯಿ ಕಚ್ಚಿ ದೊರೆಸಾನಿ ಒಂದು ಕಣ್ಣು ಮುಚ್ಚಿ, ಮೈ ನಡುಗಿಸಿ, ಇನ್ನೊಂದಕ್ಕೆ ಕೈ ಚಾಚಿದಳು.

ಅಂದಿನಿಂದ ಅಪ್ಪ ಬಿಡುವಾದಾಗೆಲ್ಲ ನಮ್ಮ ಜೊತೆ ಬಂದ. ಪೇಟೆಯವರು ನಕ್ಕಷ್ಟು ದಿನ ನಕ್ಕು ಸುಮ್ಮನಾದರು. ಅಜ್ಜಿಯ ಕಾಲಿನ ಬಾವು ಇಳಿಯಿತು. ಯುಗಾದಿಯ ಹೊತ್ತಿಗೆ ಡಾಕ್ಟರಿಗೆ ಬೇರೆ ಊರಿಗೆ ವರ್ಗವಾಗಿ ದೊರೆಸಾನಿ ಹೊರಟುಹೋದಳು. ಹೋಗುವ ಮುನ್ನ ಇಬ್ಬರೂ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು.

ಆಮೇಲೆ ನನ್ನನ್ನು ಕುರುಗೋಡಿಗೆ ಕೊಟ್ಟರು. ಅಪ್ಪನ ವ್ಯಾಪಾರ ಬೆಳೆಯಿತು, ಜಟಕಾ ಬಂತು, ಅವನು ನೆಲದ ಮೇಲೆ ನಡೆಯುವುದೇ ಅಪರೂಪವಾಯಿತು. ತೋಪು ಕಡಿದು ಅಲ್ಲಿ ಅರಳೆ ಗಿರಣಿ ಎದ್ದಿದೆ. ಮರ ಹೋದದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ, ಮರವನ್ನು ಇನ್ನೊಂದು ಕಡೆ ನೆಡಬಹುದು; ತೀರಿಕೊಂಡ ಅಜ್ಜಿಯನ್ನು ತರಲಾಗದು. ಕಾಲು ಹಗುರಾದ ಮೇಲೆ ಅಜ್ಜಿ ನಮ್ಮೆಲ್ಲರಿಗಿಂತ ಮುಂದೆ ಹೋಗಿ, ಹಾದಿಯ ತಿರುವಿನಲ್ಲಿ ನಿಂತು, "ಬರ್ರಿ, ಬಿಸಿಲಾಗ್ತೈತಿ" ಎಂದು ಕರೆಯುತ್ತಿದ್ದಳು. ಈಗ ಕುರುಗೋಡಿನ ಗುಡ್ಡದ ಬದಿಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೊರಟರೆ ಮುಂದೆ ಇರುವವಳು ನಾನೇ. ತಿರುವಿಗೆ ಬಂದು ನಿಂತು ಅವರನ್ನು ಕೂಗುತ್ತೇನೆ, ಅವರು ಓಡಿ ಬರುತ್ತಾರೆ. ನನ್ನ ಮುಂದಿನ ಹಾದಿಯಲ್ಲಿ ಮಾತ್ರ ಯಾರೂ ಇರುವುದಿಲ್ಲ.