ನಾಲ್ಕನೇ ಜ್ವರದ ಪರೀಕ್ಷೆ

ಎಂಬತ್ತರ ದಶಕದ ಆರಂಭ. ಕಾರ್ತಿಕ ಮಾಸದ ಒಂದು ಬುಧವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ ಶ್ರೀನಿವಾಸಪುರದ ಆಚೆಗಿನ ಒಂದು ಹಳ್ಳಿಯ ರೇಷ್ಮೆ ಮನೆ. ಹಾಜರಿದ್ದವರು: ಜೂನಿಯರ್ ಕಾಲೇಜಿನ ರೇಷ್ಮೆ ಕೋರ್ಸಿಗೆ ಮೇಷ್ಟರಾಗಿದ್ದ ನಾನು, ಧಾರವಾಡ ಕಡೆಯಿಂದ ಬಂದಿದ್ದ ಪರೀಕ್ಷಕರು, ಹುಳು ಸಾಕುತ್ತಿದ್ದ ಮನೆಯೊಡತಿ, ನನ್ನ ನಾಲ್ವರು ವಿದ್ಯಾರ್ಥಿಗಳು. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒಳಗೆ ಹೋದೆವು. ತಡವಾಗಿ ಬಂದವರು ಯಾರೂ ಇರಲಿಲ್ಲ. ಆ ದಿನದಲ್ಲಿ ನನ್ನ ಲೆಕ್ಕಾಚಾರದಂತೆ ನಡೆದ ಕೆಲಸ ಅದೊಂದೇ.

ಅಲ್ಲಿಯವರೆಗೆ ನಮ್ಮ ಕೋರ್ಸಿನ ಪರೀಕ್ಷೆ ಪೂರ್ತಿ ಕಾಲೇಜಿನ ಕೋಣೆಯೊಳಗೇ ನಡೆಯುತ್ತಿತ್ತು. ಹುಳುವಿನ ಚಿತ್ರ ಬರೆದು ಭಾಗ ಗುರುತಿಸಿದವನು ಪಾಸು. ಕೋಲಾರದ ಒಂದು ಸಾಕಣೆ ಕೇಂದ್ರಕ್ಕೆ ಸೇರಿದ ನಮ್ಮದೇ ಹುಡುಗನೊಬ್ಬ ತಟ್ಟೆ ಎತ್ತಲು ಬಾರದೆ ಮೊದಲ ವಾರವೇ ಮನೆಗೆ ಬಂದ ಮೇಲೆ, ಕೆಲಸದ ಜಾಗದಲ್ಲೇ ಕೆಲಸ ನೋಡಿ ಅಂಕ ಕೊಡಬೇಕೆಂದು ನಾನು ಹಟ ಹಿಡಿದೆ. ಕೊನೆಗೆ ಮೇಲಿನ ಕಚೇರಿ ಒಪ್ಪಿತು. ಅರ್ಧ ಅಂಕ ಬರಹಕ್ಕೆ, ಅರ್ಧ ಅಂಕ ರೈತರ ಮನೆಯಲ್ಲಿ ಒಂದು ಹಗಲಿನ ಕೆಲಸಕ್ಕೆ. ಆ ಅರ್ಧದಲ್ಲೂ ಒಂದು ಪಾಲನ್ನು ಮನೆಯವರೇ ಕೊಡಬೇಕು; ಅದು ಸೊನ್ನೆಯಾದರೆ ಕೆಲಸದಲ್ಲಿ ಫೇಲು. ಎರಡರಲ್ಲೂ ಪಾಸಾದರೆ ಮಾತ್ರ ಸರ್ಟಿಫಿಕೇಟು.

ಆ ನಾಲ್ವರಲ್ಲಿ ಹೋಳೂರು ಕಡೆಯ ಹುಡುಗಿಯೊಬ್ಬಳಿದ್ದಳು. ಹಿಂದಿನ ವರ್ಷ ಫೇಲಾಗಿದ್ದಳು. ಇದು ಎರಡನೆಯ ಸಲ, ಮೂರನೆಯದಕ್ಕೆ ಅವಕಾಶವಿರಲಿಲ್ಲ. ಮುಳಬಾಗಿಲಿನ ಚಾಕಿ ಕೇಂದ್ರದಲ್ಲಿ, ಅಂದರೆ ಎಳೆಯ ಹುಳುಗಳನ್ನು ಸಾಕಿ ರೈತರಿಗೆ ಕೊಡುವ ಜಾಗದಲ್ಲಿ, ಒಂದು ಕೆಲಸ ಖಾಲಿ ಇತ್ತು. ಪಾಸಾದರೆ ಅವಳಿಗೇ ಎಂದು ಕೇಂದ್ರದವರು ಹೇಳಿದ್ದರು. ಅವಳ ತಂದೆ ನನ್ನ ಮುಂದೆಯೇ ಮಗಳಿಗೆ ಹೇಳಿದ್ದರು: "ಈ ಸಲ ಆಗ್ಲಿಲ್ಲ ಅಂದ್ರೆ ಸಾಕು ಕಣಮ್ಮ. ಊರೋರ ಬಾಯಿಗೆ ನಾನು ಇನ್ನೊಂದು ವರ್ಸ ಉತ್ರ ಕೊಡಕ್ಕಾಗಲ್ಲ."

ಪರೀಕ್ಷಕರ ವಿಷಯವನ್ನೂ ಹೇಳಬೇಕು. ಅವರು ಸಸ್ಯಶಾಸ್ತ್ರದ ಉಪನ್ಯಾಸಕರು, ಸಭ್ಯರು. ಅವರ ಊರಿನ ಕಡೆ ಆಗ ರೇಷ್ಮೆ ಇರಲಿಲ್ಲ. ಒಪ್ಪಿಕೊಂಡ ಕೆಲಸಕ್ಕಾಗಿ ಇಂಗ್ಲಿಷ್ ಪುಸ್ತಕಗಳನ್ನು ತರಿಸಿಕೊಂಡು ಶ್ರದ್ಧೆಯಿಂದ ಓದಿದ್ದರು. ಅದರಲ್ಲೂ ರೋಗಗಳ ಅಧ್ಯಾಯವನ್ನು ಚೆನ್ನಾಗಿ ಓದಿದ್ದರು. ಒಂದು ತಟ್ಟೆಯ ರೋಗ ಒಂದು ಊರಿನ ಬೆಳೆಯನ್ನೇ ತೆಗೆಯುತ್ತದೆ ಎಂದು ಬಸ್ಸಿನಲ್ಲಿ ನನಗೆ ಎರಡು ಸಲ ಹೇಳಿದರು. ಅದು ನಿಜವೂ ಹೌದು.

ನಾನು ಇಬ್ಬರನ್ನು ಕರೆದುಕೊಂಡು ಸೊಪ್ಪಿನ ಕೋಣೆಗೆ ಹೋದೆ. ಹುಡುಗಿ, ಮತ್ತು ಬರಹದಲ್ಲಿ ಯಾವಾಗಲೂ ಮೊದಲಿಗನಾಗಿದ್ದ ಮಾಲೂರಿನ ಯುವಕ, ಇಬ್ಬರೂ ಪರೀಕ್ಷಕರ ಜೊತೆ ತಟ್ಟೆಗಳ ಬಳಿ ಉಳಿದರು. ಮುಂದಿನ ಕಾಲು ಗಂಟೆಯಲ್ಲಿ ಅಲ್ಲಿ ಆಡಿದ ಮಾತುಗಳನ್ನು ಆಮೇಲೆ ಮೂವರೂ ನನಗೆ ಒಂದೇ ರೀತಿ ಹೇಳಿದರು.

ಹುಡುಗಿ ತಟ್ಟೆಯ ಮೇಲೆ ಬಾಗಿ ನೋಡಿದಳು. ಕಿಟಕಿ ತೆರೆದಳು. ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿದಳು. ಆಮೇಲೆ ಕೈಕಟ್ಟಿ ನಿಂತಳು.

"ತಪ್ಪಲ ಯಾಕ ಹಾಕವಲ್ಲಿ?" ಎಂದರು ಪರೀಕ್ಷಕರು. ಸೊಪ್ಪಿಗೆ ಅವರ ಕಡೆಯ ಮಾತು ಅದು.

"ಹಾಕ್ಬಾರ್ದು ಸಾರ್. ಜ್ವರಕ್ಕೆ ಕೂತಿದಾವೆ."

"ಜ್ವರ? ಹುಳಕ್ಕ?"

"ಹೂಂ ಸಾರ್. ನಾಲ್ಕನೇ ಜ್ವರ."

ನಮ್ಮ ಜಿಲ್ಲೆಯಲ್ಲಿ ರೇಷ್ಮೆ ಸಾಕುವ ಯಾವ ಮನೆಯ ಕೂಸಿಗೂ ಈ ಮಾತು ಗೊತ್ತು. ಹುಳು ದೊಡ್ಡದಾಗುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಒಂದು ದಿನ ಕೂತಿರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಮೊದಲನೇ ಜ್ವರ, ಎರಡನೇ ಜ್ವರ, ಹಾಗೆ. ನಾಲ್ಕನೆಯದು ಎದ್ದಿತೆಂದರೆ ಬೆಳೆ ಕೈಗೆ ಬಂದ ಹಾಗೆ. ಪರೀಕ್ಷಕರು ಅದನ್ನು ಓದಿದ್ದದ್ದು ಮೋಲ್ಟಿಂಗ್ ಎಂಬ ಹೆಸರಿನಲ್ಲಿ.

"ನಾಕನೇ ಸಲಾ ಜ್ವರ ಬಂದಾವಂದ್ರ, ಮೂರು ಸಲಾ ಬಂದಾಗ ಏನ್ ಮಾಡಿದ್ರಿ?" ಎಂದರಂತೆ.

"ಏನ್ಮಾಡ್ಬೇಕು ಸಾರ್? ಸುಮ್ನಿದ್ವಿ. ತಾನೇ ಏಳ್ತವೆ."

ಅವರು ಗಾಬರಿಯಿಂದ ಮನೆಯೊಡತಿಯನ್ನು ಕೂಗಿ ಕೇಳಿದರು. ಆಕೆ ಹಸುವಿಗೆ ಹುಲ್ಲು ಹಾಕಲು ಹೊರಟಿದ್ದವರು ಬಾಗಿಲಲ್ಲೇ ನಿಂತು, ಹೆಮ್ಮೆಯಿಂದ ಹೇಳಿದರು: "ಹೂಂ ಸಾಮಿ, ನಿನ್ನೆಯಿಂದ ಮನೆ ಪೂರಾ ಜ್ವರಕ್ಕೆ ಕೂತೈತೆ. ಒಂದೂ ಬಿಟ್ಟಿಲ್ಲ!" ಹೇಳಿ ಕೊಟ್ಟಿಗೆಗೆ ಹೋದರು.

ಪರೀಕ್ಷಕರ ಮುಖ ಬಿಳಿಚಿಕೊಂಡಿತಂತೆ. ಸೋಂಕು ತಗುಲಿದ ಹುಳುವನ್ನು ತಕ್ಷಣ ಹೂಳಬೇಕೆಂಬುದು ನಿಯಮ. ಯುವಕನಿಗೆ ಹೇಳಿದರು: "ಮೊದಲು ಈ ತಟ್ಟೆ ಹೊರಗ ಒಯ್ದು ಹೂಳು. ಉಳಿದದ್ದು ನಿಮ್ಮ ಮಾಸ್ತರು ಬರ್ಲಿ." ಯುವಕನಿಗೆ ಜ್ವರವೆಂದರೆ ಏನೆಂದು ಗೊತ್ತಿತ್ತು. ಆದರೂ ತಟ್ಟೆ ಎತ್ತಿದ. ಯಾಕೋ ಎಂದು ಆಮೇಲೆ ಕೇಳಿದರೆ, "ಪರೀಕ್ಷೇಲಿ ಹೇಳಿದ್ದು ಮಾಡ್ಬೇಕಲ್ವಾ ಸಾರ್" ಎಂದ. ಆ ಉತ್ತರ ಇವತ್ತಿಗೂ ನನ್ನನ್ನು ಬೆಚ್ಚಿಬೀಳಿಸುತ್ತದೆ.

ನನಗೆ ಕೇಳಿಸಿದ್ದು ಹುಡುಗಿಯ ಕಿರುಚಾಟ. "ಲೇ, ಬಿಡೋ! ಜೀವ ಐತೆ ಕಣೋ ಅವ್ಕೆ!"

ಓಡಿ ಬಂದೆ. ಹಿತ್ತಿಲಲ್ಲಿ ಇಬ್ಬರೂ ತಟ್ಟೆಯ ಎರಡು ಕಡೆ ಹಿಡಿದು ಎಳೆಯುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ತಟ್ಟೆ ವಾಲಿತು. ಒಣಗಿದ ಸೊಪ್ಪಿನ ಹಾಸಿಗೆ ಹುಳುಗಳ ಸಮೇತ ಜಾರಿ ತಿಪ್ಪೆಗುಂಡಿಗೆ ಬಿತ್ತು. ಸದ್ದು ಕೂಡ ಆಗಲಿಲ್ಲ. ಸದ್ದಾಗಿದ್ದರೆ ಚೆನ್ನಾಗಿತ್ತು ಎನ್ನಿಸುತ್ತದೆ. ಮೂರು ವಾರ ನಿದ್ದೆಗೆಟ್ಟು ಸಾಕಿದ್ದನ್ನು ನನ್ನ ಪರೀಕ್ಷೆ ಒಂದು ಉಸಿರಿನಲ್ಲಿ ತಿಪ್ಪೆಗೆ ಹಾಕಿತ್ತು.

ಕೊಟ್ಟಿಗೆಯಿಂದ ಬಂದ ಮನೆಯೊಡತಿ ಗುಂಡಿಯನ್ನು ನೋಡಿದರು. "ಅಯ್ಯೋ ದೇವುಡಾ, ನಾ ಪುರುಗುಲು!" ನನ್ನ ಹುಳುಗಳು ಎಂದು ತೆಲುಗಿನಲ್ಲಿ ಕೂಗಿಕೊಂಡು ಗುಂಡಿಯ ಅಂಚಿಗೆ ಓಡಿದರು.

ನಾನು ಪರೀಕ್ಷಕರಿಗೆ ಜ್ವರವೆಂದರೆ ಮೋಲ್ಟಿಂಗ್ ಎಂದೆ. ಇನ್ನೊಂದು ಸಲ ಹೇಳಬೇಕಾಗಲಿಲ್ಲ. ಅವರು ಅಲ್ಲೇ ಇದ್ದ ಒರಳುಕಲ್ಲಿನ ಮೇಲೆ ಕೂತುಬಿಟ್ಟರು. "ರೋಗ ಅಂತ ತಿಳಕೊಂಡೆ. ಊರು ಉಳಿಸಬೇಕಂತ ಮಾಡಿದೆ" ಎಂದರು.

ಯುವಕ ಗುಂಡಿಗೆ ಕೈ ಹಾಕಲು ಹೋದ. "ಮುಟ್ಬೇಡ!" ಎಂದಳು ಹುಡುಗಿ. "ಕೈಯಾಗೆ ಆರ್ಸಿದ್ರೆ ಎಲ್ಲಾ ಸಾಯ್ತವೆ. ಅಕ್ಕ, ಮೊರ ಕೊಡಿ."

ಜ್ವರಕ್ಕೆ ಕೂತ ಹುಳು ಸಣ್ಣ ಎಳೆ ಬಿಟ್ಟು ತನ್ನನ್ನು ಹಾಸಿಗೆಗೆ ಕಟ್ಟಿಕೊಂಡಿರುತ್ತದೆ. ಆ ಹಿಡಿತದ ಬಲದಿಂದಲೇ ಪೊರೆಯೊಳಗಿಂದ ಹೊರಗೆ ಬರುತ್ತದೆ. ಬಿಡಿಸಿದರೆ ಪೊರೆಯಲ್ಲೇ ಸಿಕ್ಕಿ ಸಾಯುತ್ತದೆ. ಇದನ್ನು ನಾನು ತರಗತಿಯಲ್ಲಿ ಹೇಳಿದ್ದೆ, ನಾಲ್ವರೂ ಬರೆದುಕೊಂಡಿದ್ದರು. ಹುಡುಗಿ ಸೆರಗು ಕಟ್ಟಿ ಗುಂಡಿಗೆ ಇಳಿದಳು. ಹಾಸಿಗೆ ಮೂರು ತುಂಡಾಗಿತ್ತು. ಒಂದೊಂದು ತುಂಡಿನ ಕೆಳಗೂ ಮೊರವನ್ನು ಅಲುಗಾಡಿಸದೆ ತೂರಿಸಿ, ಬಿದ್ದ ಹಾಗೆಯೇ ಎತ್ತಿದಳು. ಮೇಲೆ ಹಿಡಿದುಕೊಳ್ಳಲು ಒಬ್ಬರು ಬೇಕಾಗಿತ್ತು. ಪರೀಕ್ಷಕರು ಎದ್ದು ಬಂದು ತಟ್ಟೆ ಹಿಡಿದರು. ಅವರ ಬಿಳಿ ಪಂಚೆಗೆ ತಿಪ್ಪೆಯ ನೀರು ಹತ್ತಿತು. ಅದನ್ನು ಅವರು ನೋಡಿಕೊಳ್ಳಲೂ ಇಲ್ಲ.

ತಟ್ಟೆ ಮತ್ತೆ ಒಳಗೆ ಹೋಯಿತು. ಮನೆಯೊಡತಿ ಆಗ ಪರೀಕ್ಷಕರನ್ನು ತರಾಟೆಗೆ ತೆಗೆದುಕೊಂಡರು.

"ಪರೀಕ್ಷೆ ಯಾರ್ಗೆ ಸಾಮಿ? ಇವ್ರಿಗಾ, ನಿಮ್ಗಾ? ಮನುಷ್ಯರ ಜ್ವರಕ್ಕೂ ಹಿಂಗೇ ಗುಂಡಿ ತೋಡ್ತೀರಾ ನಿಮ್ಮೂರಾಗೆ?"

"ತಪ್ಪಾತವ್ವ" ಎಂದರು ಪರೀಕ್ಷಕರು.

"ತಪ್ಪಾಯ್ತು ಅಂದ್ರೆ ಹುಳ ಏಳ್ತಾವಾ?" ಎಂದು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಇವು ಎದ್ರೆ ಸರಿ. ಏಳ್ಲಿಲ್ಲ ಅಂದ್ರೆ ನನ್ ಪಾಲಿನ ಅಂಕ ಯಾರ್ಗೂ ಇಲ್ಲ. ಆ ಹುಡ್ಗೀಗೂ ಇಲ್ಲ. ಅವ್ಳೂ ಹಿಡ್ದು ಎಳುದ್ಲು ತಾನೇ?"

ಹುಡುಗಿ ಒಳಗೆ ಹೋಗಿ ತಟ್ಟೆಯ ಪಕ್ಕ ಕೂತಳು. ಅವಳ ಮುಳಬಾಗಿಲು ಆ ತಟ್ಟೆಯೊಳಗೆ ಕೂತಿತ್ತು.

ನಾನು ಪರೀಕ್ಷಕರನ್ನು ಪಕ್ಕಕ್ಕೆ ಕರೆದು, ಹುಡುಗಿಗೆ ಅವರ ಪಾಲಿನ ಅಂಕ ಎಷ್ಟೆಂದು ಕೇಳಿದೆ. ಅವರ ಉತ್ತರ ನನಗೆ ಎರಡನೆಯ ಹೊಡೆತ. "ಕೆಲಸ ಹಂಚುವಾಗ ಆಕಿ ಪಾಲಿಗೆ ಮೇವು ಹಾಕೋದು ಅಂತ ನೀವೇ ಇಟ್ಟೀರಿ. ಆಕಿ ಇನ್ನೂ ಹಾಕಿಲ್ಲ. ಮಾಡದ ಕೆಲಸಕ್ಕ ನಾ ಹೆಂಗ ಅಂಕ ಕೊಡ್ಲಿ? ನನ್ನ ತಪ್ಪಿನ ನಾಚಿಕಿಗೆ ಕೊಟ್ಟಂಗ ಆಗ್ತದ." ಒಂದು ಕ್ಷಣ ಸಿಟ್ಟು ಬಂತು. ಆದರೆ ನಿಯಮ ಮಾಡಿಸಿದವನು ನಾನೇ, ಮಾತು ಸರಿಯಾಗಿಯೇ ಇತ್ತು. ಪರೀಕ್ಷೆ ಒಂದು ಹಗಲಿನದು, ಹೊತ್ತು ಮುಳುಗುವವರೆಗೆ ಸಮಯವಿದೆ ಎಂದೆ. "ಕಾಯ್ತೀನಿ" ಎಂದರು.

ಮಧ್ಯಾಹ್ನದವರೆಗೆ ಉಳಿದ ಮೂವರ ಕೆಲಸ ನಡೆಯಿತು. ಸೊಪ್ಪು ಕೊಯ್ಯುವುದು, ಹೆಚ್ಚುವುದು, ಕಸ ತೆಗೆಯುವುದು. ಯುವಕ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ, ಯಾರ ಮುಖವನ್ನೂ ನೋಡದೆ. ಮನೆಯೊಡತಿ ಬೈಯುತ್ತಲೇ ಎಲ್ಲರಿಗೂ ಮುದ್ದೆ, ಹುರುಳಿ ಸಾರು ಬಡಿಸಿದರು. ಹುಡುಗಿ ಮಾತ್ರ ತಟ್ಟೆಯ ಪಕ್ಕದಿಂದ ಏಳಲಿಲ್ಲ.

ಸಂಜೆಯ ಹೊತ್ತಿಗೆ ಬೇರೆ ತಟ್ಟೆಗಳಲ್ಲಿ ಹುಳು ಏಳತೊಡಗಿದವು. ಹಳೆಯ ಪೊರೆ ಹಿಂದೆ ಬಿಟ್ಟು, ಮಸುಕಾದ ಹೊಸ ಚರ್ಮದಲ್ಲಿ ತಲೆ ಆಡಿಸುತ್ತಿದ್ದವು. ಗುಂಡಿಗೆ ಬಿದ್ದ ತಟ್ಟೆ ಮಾತ್ರ ಹಾಗೆಯೇ ಇತ್ತು. ಆಮೇಲೆ ಅದರಲ್ಲೂ ಅಲ್ಲೊಂದು ಇಲ್ಲೊಂದು ಅಲುಗಿತು.

"ಹಾಕಿಬಿಡಮ್ಮ" ಎಂದೆ ನಾನು. ಕಿಟಕಿಯಲ್ಲಿ ಬಿಸಿಲು ಕೆಂಪಾಗಿತ್ತು.

"ಇಲ್ಲ ಸಾರ್. ಈಗ ಹಾಕಿದ್ರೆ ಎದ್ದಿರೋವು ತಿಂತವೆ, ಹಿಂದ್ಗಡೆಯೋವು ಉಪವಾಸ. ಬೆಳೆ ಒಂದು ಸಮ ಬರಲ್ಲ."

"ಹೊತ್ತು ಮುಳುಗಿದರೆ ನಿನ್ನ ಪರೀಕ್ಷೆ ಮುಗೀತು. ಗೊತ್ತು ತಾನೇ?"

"ಗೊತ್ತು ಸಾರ್."

ನಾನು ದಂಗಾದೆ. ಪಾಸಾಗಲು ಅವಳಿಗೆ ಬೇಕಾಗಿದ್ದದ್ದು ಒಂದು ಹಿಡಿ ಸೊಪ್ಪು, ಅದು ಅವಳ ಮಡಿಲಲ್ಲೇ ಇತ್ತು. ಮನೆಯೊಡತಿ ಬಾಗಿಲಿಗೆ ಒರಗಿ ನಿಂತು ಇದನ್ನೆಲ್ಲ ಕೇಳಿಸಿಕೊಂಡರು. ಪರೀಕ್ಷಕರು ಒಮ್ಮೆ ಕಿಟಕಿ ನೋಡುವುದು, ಒಮ್ಮೆ ತಟ್ಟೆ ನೋಡುವುದು. ಅವರ ಬಸ್ಸು ಆಗಲೇ ಹೋಗಿತ್ತು.

ಬಿಸಿಲು ಗೋಡೆ ಬಿಟ್ಟು ಸೂರಿಗೆ ಏರಿದಾಗ ತಟ್ಟೆಯ ತುಂಬ ತಲೆಗಳು ಆಡುತ್ತಿದ್ದವು. ಹಾಸಿಗೆ ಹರಿದಿದ್ದ ಅಂಚುಗಳಲ್ಲಿ ಬಹಳಷ್ಟು ಎದ್ದಿರಲಿಲ್ಲ, ಅವು ಏಳುವಂತೆಯೂ ಇರಲಿಲ್ಲ. ಹುಡುಗಿ ಅವುಗಳನ್ನು ಬೇರೆ ತೆಗೆದಳು. ಸುಣ್ಣ ಉದುರಿಸಿದಳು. ಆಮೇಲೆ ಎಳೆಯ ಸೊಪ್ಪನ್ನು ಹಗುರವಾಗಿ, ಎಲ್ಲ ಕಡೆಗೂ ಒಂದೇ ಸಮನಾಗಿ ಹರಡಿದಳು. ಸೂರಿನ ಬಿಸಿಲು ಆರುವ ಮೊದಲೇ ಮೇಯುವ ಸದ್ದು ಶುರುವಾಯಿತು.

ಪರೀಕ್ಷಕರು ನಿಂತೇ ಅಂಕ ಬರೆದರು. ಮನೆಯೊಡತಿ, ತೆಗೆದಿಟ್ಟ ಸತ್ತ ಹುಳುಗಳನ್ನು ಮೊರದಲ್ಲಿ ಆಡಿಸಿ ನೋಡಿದರು. "ಇಷ್ಟು ಹೋದ್ವಲ್ಲಮ್ಮೀ" ಎಂದರು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಮನೆಯೊಡತಿ ಮೊರ ಕೆಳಗಿಟ್ಟು ನನಗೆ ಹೇಳಿದರು: "ನನ್ ಪಾಲಿನ ಅಂಕ ಪೂರಾ ಹಾಕ್ಕೊಳ್ಳಿ ಇವ್ಳಿಗೆ. ಆ ಹುಡುಗ್ನಿಗೆ ಬ್ಯಾಡ. ಹೇಳಿದ್ದೆಲ್ಲಾ ಮಾಡೋನು ನನ್ ಹುಳದ ಮನೇಗೆ ಬ್ಯಾಡ."

ಬರಹದಲ್ಲಿ ಮೊದಲಿಗನಾದವನು ಕೆಲಸದಲ್ಲಿ ಫೇಲಾದ. ಹುಡುಗಿ ಪಾಸಾದಳು. ನಾನು ಎರಡಕ್ಕೂ ಸಹಿ ಹಾಕಿದೆ. ಹುಡುಗಿ ತಟ್ಟೆಯನ್ನು ಸ್ಟ್ಯಾಂಡಿನ ಮೇಲಿಟ್ಟು, ಇರುವೆ ಹತ್ತದಂತೆ ಅದರ ಕಾಲುಗಳ ಬಟ್ಟಲಿಗೆ ನೀರು ತುಂಬಿಸಿ, ಕೈ ತೊಳೆದುಕೊಂಡಳು.