ಬಾದಾಮಿ ಇಟ್ಟ ತಟ್ಟೆ

ಕಳೆದ ಶನಿವಾರ ಮಧ್ಯಾಹ್ನ ಚಿತ್ರದುರ್ಗದ ನಮ್ಮ ಪತ್ರಿಕೆಯ ಕಚೇರಿಗೆ ಒಂದು ತಗಡಿನ ಡಬ್ಬಿ ಬಂತು. ತಂದವಳು ಹಿರಿಯೂರು ಕಡೆಯ ಹಳ್ಳಿಯೊಂದರ ಶಾಲೆಯ ಉಪಾಧ್ಯಾಯಿನಿ. ಸುತ್ತಿದ್ದ ಒದ್ದೆ ಬಟ್ಟೆ ಬಿಚ್ಚಿ ಮುಚ್ಚಳ ತೆಗೆದಾಗ ಹುರಿದ ಶೇಂಗಾದ ವಾಸನೆ ಮೊದಲು ಬಂತು. ಅದರ ಹಿಂದೆ ಕೋಕೋ. ಕೊನೆಗೆ ಬ್ರಾಂದಿ. ಈ ಮೂರು ವಾಸನೆ ಇದೇ ಕ್ರಮದಲ್ಲಿ ನನ್ನ ಮೂಗಿಗೆ ಬಂದು ನಲವತ್ತು ವರ್ಷದ ಹತ್ತಿರವಾಗಿತ್ತು.

ಡಬ್ಬಿಯಲ್ಲಿ ಒಂಬತ್ತು ಕಪ್ಪು ಉಂಡೆಗಳಿದ್ದವು. ಐದರ ನೆತ್ತಿಯ ಮೇಲೆ ಒಂದೊಂದು ಬಾದಾಮಿ, ನಾಲ್ಕರ ಮೇಲೆ ಅರ್ಧರ್ಧ ಶೇಂಗಾ ಕಾಳು.

"ನಮ್ಮಜ್ಜಿ ಹೋದ ತಿಂಗಳು ತೀರಿಕೊಂಡ್ರು. ಮಾಡಿದ್ದು ನಾನು, ಅಳತೆ ಅಜ್ಜೀದು," ಎಂದಳು ಹುಡುಗಿ. "ಎಲ್ಡೂ ತರದವು ಒಯ್ದು ಅವರ ಮುಂದೆ ಇಡು, ಯಾವ್ದು ತಗಂತಾರೆ ನೋಡ್ಕಂಡು ಬಾ ಅಂದಿದ್ರು. ಯಾಕೆ ಅಂತ ಹೇಳಲಿಲ್ಲ."

ಯಾಕೆಂದು ನನಗೆ ಗೊತ್ತಿತ್ತು. ಕೂರಲು ಹೇಳಿದೆ.

ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ ಕಣಿವೆಯ ಕಟ್ಟೆ ಏಳುತ್ತಿದ್ದ ವರ್ಷಗಳು ಅವು. ಕೆಲಸದ ಕಚೇರಿಯಲ್ಲಿ ನಾನು ಗುಮಾಸ್ತ. ಊಟ, ವಸತಿ ಎರಡೂ ಪಕ್ಕದ ಹಳ್ಳಿಯ ಗೌಡರ ಮನೆಯಲ್ಲಿ. ಇಂಗ್ಲಿಷ್ ಇಂಜಿನಿಯರ್ ಒಬ್ಬ ದಿನ್ನೆಯ ಮೇಲಿನ ಬಂಗಲೆಯಲ್ಲಿದ್ದ. ಊರವರಿಗೆ ಅವನು ದೊರೆ. ಬಂಗಲೆಯ ಮಾಂಸದ ಅಡಿಗೆಗೆ ಮದರಾಸಿನ ಬಟ್ಲರ್ ಇದ್ದ. ಹಾಲು, ಬ್ರೆಡ್ಡು, ಸಿಹಿ ತಿಂಡಿ ಇಷ್ಟನ್ನು ಬೇರೆ ಒಲೆಯಲ್ಲಿ ಮಾಡುತ್ತಿದ್ದವರು ಅದೇ ಹಳ್ಳಿಯ ಒಬ್ಬ ಹೆಣ್ಣುಮಗಳು, ಈ ಹುಡುಗಿಯ ಅಜ್ಜಿ. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳು. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮ ಎನ್ನುತ್ತಿದ್ದರು.

ದೊರೆಗೆ ಪ್ರತಿ ವರ್ಷ ಅವನ ತಾಯಿ ಕ್ರಿಸ್ಮಸ್ ಹಬ್ಬಕ್ಕೆ ತಿಂಗಳು ಮುಂಚೆಯೇ ದಪ್ಪ ಹಲಗೆಯಂಥ ಚಾಕೊಲೇಟು, ಒಂದು ಡಬ್ಬಿ ಕೋಕೋ ಪುಡಿ ಕಳಿಸುತ್ತಿದ್ದಳು. ಮೊದಲ ವರ್ಷ ಜೊತೆಗೆ ಉಂಡೆ ಮಾಡುವ ವಿಧಾನವನ್ನೂ ಬರೆದು ಕಳಿಸಿದ್ದಳು. ಅದನ್ನು ಓದಿ ಅಕ್ಕನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ಹೇಜಲ್ ಎಂಬ ಕಾಯಿಯ ಹೆಸರಿತ್ತು. ಅದೇನೆಂದು ನನಗೆ ಗೊತ್ತಿರಲಿಲ್ಲ.

"ಅವರೂರಾಗೆ ಬೆಳೆಯೋದು ಅವರು ಹಾಕ್ಕಳ್ಳಿ. ನಮ್ಮೂರಾಗೆ ಬೆಳೆಯೋದು ನಾವು ಹಾಕಾಣ," ಎಂದು ಅಕ್ಕ ಶೇಂಗಾ ಹುರಿಯಲು ಕೂತರು.

ಶೇಂಗಾವನ್ನು ಅವರು ಮರಳಿನಲ್ಲಿ ಹುರಿಯುತ್ತಿದ್ದರು. ಕಾಳು ಸಿಡಿಯುವ ಸದ್ದು ನಿಂತ ಕೂಡಲೇ ಇಳಿಸುವುದು, ಗೋಣಿತಟ್ಟಿನಲ್ಲಿ ಉಜ್ಜಿ ಸಿಪ್ಪೆ ತೂರುವುದು, ಒರಳಲ್ಲಿ ತರಿತರಿಯಾಗಿ ಕುಟ್ಟುವುದು. ಬೆಳಗಿನ ಜಾವದ ತಂಪಿನಲ್ಲಿ ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು ಚಾಕೊಲೇಟು ಕರಗಿಸಿ, ಎಮ್ಮೆ ಹಾಲಿನ ಕೆನೆ, ಕುಟ್ಟಿದ ಶೇಂಗಾ ಸೇರಿಸಿ, ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಬೋಗುಣಿಗೆ ಸುರಿಯುತ್ತಿದ್ದರು. ಹಿಟ್ಟಿನ ಹದಕ್ಕೆ ಬಂದಮೇಲೆ ಕೈಯನ್ನು ತಣ್ಣೀರಲ್ಲಿ ಅದ್ದಿ, ಒರೆಸಿಕೊಂಡು, ಉಂಡೆ ಕಟ್ಟಿ ಕೋಕೋ ಪುಡಿಯಲ್ಲಿ ಹೊರಳಿಸುವುದು. ಕೈ ಬೆಚ್ಚಗಾದರೆ ಮತ್ತೆ ತಣ್ಣೀರು.

ಬ್ರಾಂದಿಯ ಕೆಲಸ ಬೇರೆ. ಅರ್ಧ ಪಾಲಿಗೆ ಮಾತ್ರ ಅದು ಬೀಳುತ್ತಿತ್ತು. ಅಕ್ಕ ಬಾಟಲಿಯ ಬಿರಡೆ ತೆಗೆದು ಒಮ್ಮೆ ಮೂಸುತ್ತಿದ್ದರು, ಬೋಗುಣಿಗೆ ಹಾಕಿ ಕಲೆಸಿ ಇನ್ನೊಮ್ಮೆ ಮೂಸುತ್ತಿದ್ದರು. ನಾಲಿಗೆಗೆ ಎಂದೂ ಸೋಕಿಸಲಿಲ್ಲ. ಆ ಉಂಡೆಗಳಿಗೆ ಗುರುತು ಬಾದಾಮಿ, ಅವು ದೊರೆಗೆ. ಬ್ರಾಂದಿ ಇಲ್ಲದವಕ್ಕೆ ಗುರುತು ಶೇಂಗಾ; ಅವು ಮನೆಗೆ, ನಮಗೆ.

ಕಟ್ಟೆ ಮುಗಿಯುವ ಹಿಂದಿನ ವರ್ಷ, ಕಾರ್ತಿಕದ ಕೊನೆಯ ಸೋಮವಾರ, ಗೌಡರೂ ಸೇರಿ ಹಳ್ಳಿಯ ಆರು ಜನ ಹಿರಿಯರು ಬಂಗಲೆಗೆ ಬಂದರು. ನಾಲೆ ತಮ್ಮ ಹೊಲಗಳ ಕಡೆಗೆ ಸ್ವಲ್ಪ ಸರಿಯಬೇಕು ಎಂಬುದು ಮನವಿ. ಬರೆದುಕೊಳ್ಳಲು ನಾನಿದ್ದೆ. ಎಲ್ಲರೂ ಹಗಲೆಲ್ಲ ಉಪವಾಸವಿದ್ದು, ಸಂಜೆ ಹೊಳೆಯಲ್ಲಿ ಮಿಂದು, ಲಿಂಗಪೂಜೆ ಮುಗಿಸಿ ಬಂದಿದ್ದರು. ಸಂಜೆ ಫಲಾಹಾರವಷ್ಟೇ, ಧಾನ್ಯ ಮುಟ್ಟುವಂತಿಲ್ಲ. ದೊರೆ ಮನವಿ ಕೇಳಿ ಸಂತೋಷದಿಂದಲೇ ಒಪ್ಪಿದ, ಏನಾದರೂ ಕೊಡುವಂತೆ ಒಳಗೆ ಹೇಳಿಕಳಿಸಿದ. ಅಕ್ಕ ಶೇಂಗಾದ ತಟ್ಟೆಯೊಂದನ್ನೇ ತಂದರು. ದೊರೆ ಎದ್ದು ಒಳಗೆ ಹೋಗಿ ಬಾದಾಮಿಯ ತಟ್ಟೆಯನ್ನೂ ತಾನೇ ತಂದು ಮೇಜಿನ ಮೇಲಿಟ್ಟ.

ಗೌಡರು ಅಕ್ಕನನ್ನು ವಿಚಾರಿಸಿದರು. ಅಕ್ಕಿ, ಗೋಧಿ ಬಿದ್ದಿದೆಯೇ? ಇಲ್ಲ. ಮೊಟ್ಟೆ? ಇಲ್ಲ. ಈರುಳ್ಳಿ? ಅದಕ್ಕೆ ಅಕ್ಕ ನಕ್ಕುಬಿಟ್ಟರು. ಕೇಳಬೇಕಾದದ್ದನ್ನೆಲ್ಲ ಕೇಳಿದೆವು ಎಂಬ ಸಮಾಧಾನ ಆರೂ ಮುಖಗಳಲ್ಲಿತ್ತು.

"ಬಾದಾಮಿದು ದೊರೆಗೆ ಅಂತ ಮಾಡಿದ್ದು ಗೌಡ್ರೆ. ನೀವು ಶೇಂಗಾದ್ದು ತಗಳ್ರಿ," ಎಂದರು ಅಕ್ಕ. ಯಾರೂ ಕೈ ಚಾಚಲಿಲ್ಲ. ಅಕ್ಕ ಅದೇ ಮಾತನ್ನು ಇನ್ನೊಮ್ಮೆ ಹೇಳಿದರು.

"ಶೇಂಗಾ ಹಿಂಡಿ ನಮ್ಮ ಎತ್ತೂ ತಿಂತಾವೆ," ಎಂದರು ಗೌಡರು. "ದೊರೆಗೆ ಬಾದಾಮಿ, ಗೌಡಂಗೆ ಶೇಂಗಾ. ಚೆನ್ನಾಗೈತೆ ಕಣಮ್ಮ ನಿನ್ನ ಪಂಕ್ತಿ."

ಕನ್ನಡ ಬಾರದ ದೊರೆ ನಗುತ್ತ ಬಾದಾಮಿಯ ತಟ್ಟೆಯನ್ನು ಅವರ ಮುಂದೆ ಹಿಡಿದ. ಗೌಡರು ಮೂರು ತಿಂದರು. ಉಳಿದವರು ಎರಡೆರಡು. ಉಪವಾಸದ ಹೊಟ್ಟೆಗೆ ಎದೆ ಬೆಚ್ಚಗಾಯಿತು ಎಂದು ಒಬ್ಬರು ಹೊಗಳಿದರು. ಇಳಿಜಾರಿನಲ್ಲಿ ಹೋಗುವಾಗ ಅವರ ಮಾತು ಬಹಳ ದೂರದವರೆಗೆ ಕೇಳುತ್ತಿತ್ತು...

ವಿಷಯ ಹೊರಬಿದ್ದದ್ದು ನಾಲ್ಕನೆಯ ದಿನ. ಹೊರಗೆಡವಿದವರು ಅಕ್ಕನೇ. ಮಠದ ಅಯ್ಯನವರು ಊರಿಗೆ ಬರುವವರಿದ್ದರು. ಅವರ ಪೂಜೆಗೆ ಅಂಥವೇ ಬಾದಾಮಿ ಉಂಡೆ ಮಾಡಿಕೊಡಬೇಕೆಂದು ಗೌಡರು ಸ್ವಂತ ತಮ್ಮನನ್ನು ಕಳಿಸಿದರು. ಅಯ್ಯನವರಿಗೆ ಶೇಂಗಾದವನ್ನು ಎಷ್ಟು ಬೇಕಾದರೂ ಮಾಡಿಕೊಡುತ್ತೇನೆ, ಬಾದಾಮಿಯವು ಬೇಡ, ಅವಕ್ಕೆ ಬ್ರಾಂದಿ ಬೀಳುತ್ತದೆ ಎಂದು ಅಕ್ಕ ಹೇಳಿ ಕಳಿಸಿದರು. ಕತ್ತಲಾಗುವುದರೊಳಗೆ ಊರಿಗೆಲ್ಲ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಚಾವಡಿಯಲ್ಲಿ ಪಂಚಾಯ್ತಿ. ಅದಕ್ಕೆ ಮುಂಚೆ ಗೌಡರು ನನ್ನನ್ನು ಕರೆದು ಒಂದು ದಾರಿ ಸೂಚಿಸಿದರು. ಆ ಸೋಮವಾರದ ಉಂಡೆಗೆ ಬ್ರಾಂದಿ ಹಾಕಿರಲಿಲ್ಲ ಎಂದು ಅಕ್ಕ ಲಿಂಗ ಮುಟ್ಟಿ ಹೇಳಿಬಿಟ್ಟರೆ ಸಾಕು, ಅಲ್ಲಿಗೆ ಮುಗಿಯಿತು. ನಾನು ಹೋಗಿ ಹೇಳಿದೆ. ಅಕ್ಕ ಹಿತ್ತಲಲ್ಲಿ ಶೇಂಗಾ ಬಿಡಿಸುತ್ತಿದ್ದರು, ತಲೆಯೆತ್ತಲಿಲ್ಲ.

"ಹಾಕಿದ್ದನ್ನ ಹಾಕಿಲ್ಲ ಅಂದ್ರೆ, ನಾಳೆ ನಾನು ಮಾಡಿದ್ದನ್ನ ನಂಬಿ ತಿನ್ನೋರು ಯಾರು ತಮ್ಮ?"

ಹಾಗೆ ಹೇಳದಿದ್ದರೆ ಊರ ಬಾವಿಗೆ ಹಗ್ಗ ಇಳಿಸಲು ಬಿಡುವುದಿಲ್ಲ ಎಂದೆ. ಅದೂ ಗೊತ್ತು ಎಂದರು.

ಚಾವಡಿಯಲ್ಲಿ ಮೊದಲ ಆಪಾದನೆ, ಅಕ್ಕ ಬ್ರಾಂದಿಯ ರುಚಿ ನೋಡಿದ್ದಾರೆ ಎಂಬುದು. ನಾಲಿಗೆಗೆ ಹಚ್ಚದೆ ಅಷ್ಟು ಹದವಾಗಿ ಮಾಡಲು ಸಾಧ್ಯವೇ ಎಂದು ಒಬ್ಬರು ಕೇಳಿದರು. ಅಕ್ಕ ಚಾವಡಿಯ ಕೆಳಗೆ ನಿಂತಿದ್ದರು.

"ನಿಮ್ಮನೆ ಹೆಣ್ಮಕ್ಕಳು ದೇವರ ಎಡೆಗೆ ಪಾಯಸ ಮಾಡ್ತಾರಲ್ಲ, ರುಚಿ ನೋಡಿ ಮಾಡ್ತಾರೇನ್ರಿ?"

ಹಿಂದೆ ನಿಂತಿದ್ದ ಹೆಂಗಸರಲ್ಲಿ ಯಾರೋ ನಕ್ಕರು. ಆ ಆಪಾದನೆ ಅಲ್ಲಿಗೆ ನಿಂತಿತು.

ಎರಡನೆಯದು, ಹಿರಿಯರ ವ್ರತ ಕೆಡಿಸಿದ್ದು. ಅದಕ್ಕೆ ಅಕ್ಕ ಕೊಟ್ಟ ಉತ್ತರವನ್ನು ನಾನು ಅಂದು ಬರೆದುಕೊಳ್ಳಲಿಲ್ಲ. ಆದರೆ ಒಂದು ಪದವನ್ನೂ ಮರೆತಿಲ್ಲ.

"ಎಲ್ಡು ಸತಿ ಹೇಳಿದೆ. ಬ್ರಾಂದಿ ಐತೆ ಅಂತ ಬಾಯಿಬಿಟ್ಟು ಹೇಳಲಿಲ್ಲ, ಅದು ನನ್ನ ತಪ್ಪು. ಅದಕ್ಕೆ ಕೈ ಮುಗೀತೀನಿ." ಮುಗಿದರು. "ಹಾಕಿದ್ದು ತಪ್ಪಲ್ಲ. ಅದು ನನ್ನ ಕೆಲಸ. ಇನ್ನು ಮಾಡಿದೋಳನ್ನ ಹೊರಗೆ ಹಾಕೋದಾದ್ರೆ, ತಿಂದೋರು ಒಳಗೆ ಹೆಂಗಿರ್ತಾರೆ, ಅದನ್ನ ಹೇಳ್ರಿ."

ತಿಂದವರು ಯಾರು ಎಂಬ ಪ್ರಶ್ನೆ ಎದ್ದಿತು. ಮೇಲೆ ಕೂತಿದ್ದ ಆರು ಜನರಲ್ಲಿ ಒಬ್ಬೊಬ್ಬರೂ ತಾವು ಶೇಂಗಾದ ತಟ್ಟೆಯಿಂದ ತೆಗೆದುಕೊಂಡದ್ದಾಗಿ ಹೇಳಿದರು. ಗೌಡರು ಕೊನೆಯವರು. ಅವರೂ ಅದನ್ನೇ ಹೇಳಿದರು. ಹಾಗಾದರೆ ಆ ತಟ್ಟೆ ತುಂಬಿದ್ದಂತೆಯೇ ಒಳಗೆ ಹೇಗೆ ಬಂತು ಎಂದು ಅಕ್ಕ ಕೇಳಿದರು.

"ಬರೆಯೋರು ಒಬ್ರು ಅಲ್ಲೇ ಇದ್ರು," ಎಂದರು ಅಕ್ಕ. "ಅವರನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ, ಯಾರು ಯಾವ ತಟ್ಟೆಯಿಂದ ತೆಗೆದುಕೊಂಡರೆಂದು ನೋಡಲಿಲ್ಲ ಎಂದೆ. ಅಕ್ಕ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಬಿರಡೆ ತೆಗೆದ ಬಾಟಲಿಯನ್ನು ಮೂಸುವಾಗ ಒಂದು ಕ್ಷಣ ಕಣ್ಣು ಕಿರಿದು ಮಾಡುತ್ತಿದ್ದರಲ್ಲ, ಹಾಗೆ...

ತೀರ್ಮಾನ ಹೀಗಿತ್ತು. ಬಂಗಲೆಯ ಕೆಲಸ ಬಿಟ್ಟು, ಆರು ಜನ ಹಿರಿಯರ ಕಾಲಿಗೆ ಬೀಳುವವರೆಗೆ ಅಕ್ಕ ಊರ ಬಾವಿಯಲ್ಲಿ ನೀರು ಸೇದುವಂತಿಲ್ಲ. ಅಕ್ಕ ಸೆರಗಿನ ಮರೆಯಲ್ಲಿ ಹಿಡಿದಿದ್ದ ಹಗ್ಗದ ಸಿಂಬೆಯನ್ನು ಚಾವಡಿಯ ಕಟ್ಟೆಯ ಮೇಲೆ ಇಟ್ಟರು. ಬೆಳಿಗ್ಗೆಯೇ ಬಾವಿಯ ಗಡಗಡೆಯಿಂದ ತಮ್ಮ ಹಗ್ಗವನ್ನು ಬಿಚ್ಚಿಕೊಂಡು ತಂದಿದ್ದರು.

"ಇದನ್ನ ನೀವೇ ಇಟ್ಕಳ್ರಿ. ಹೊಳೆಗೆ ಕಟ್ಟೆ ಕಟ್ತಿರೋನು ದೊರೆ, ಗೌಡ್ರೆ, ನೀವಲ್ಲ."

ಮರುದಿನದಿಂದ ಅಕ್ಕ ಹೊಳೆಯಿಂದ ನೀರು ತಂದರು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು. ಹಿತ್ತಲ ಕಡೆಯಿಂದ ಹತ್ತಿರದ ಕಾಲುದಾರಿ ಇತ್ತು. ಅದನ್ನು ಬಿಟ್ಟು ಗೌಡರು ಜಗುಲಿಯ ಮೇಲೆ ಕೂರುವ ಹೊತ್ತಿಗೆ ಅವರ ಮನೆಯ ಮುಂದಿನ ಬೀದಿಯಲ್ಲೇ ಬರುತ್ತಿದ್ದರು. ನಾನು ಅದೇ ಜಗುಲಿಯ ಮೇಲೆ ಕೂತು ಅಂಬಲಿ ಕುಡಿಯುತ್ತಿದ್ದೆ. ಒಂದು ವಾರದ ನಂತರ ಗೌಡರು ಜಗುಲಿ ಬಿಟ್ಟು ಒಳಗೆ ಕೂರತೊಡಗಿದರು. ಅಕ್ಕ ದಾರಿ ಬದಲಿಸಲಿಲ್ಲ, ಬಂಗಲೆಯ ಕೆಲಸವನ್ನೂ ಬಿಡಲಿಲ್ಲ. ಆ ವರ್ಷದ ಹಬ್ಬಕ್ಕೆ ಬಾದಾಮಿಯವನ್ನು ಹಿಂದಿಗಿಂತ ಹೆಚ್ಚೇ ಮಾಡಿದರು ಎಂದು ಬಟ್ಲರ್ ಹೇಳಿದ. ನಾನು ಅವರ ಅಡಿಗೆಮನೆಗೆ ಹೋಗುವುದನ್ನು ನಿಲ್ಲಿಸಿದ್ದೆ.

ಬೇಸಿಗೆಯಲ್ಲಿ ಕೆಲಸ ಬಿಟ್ಟು ಚಿತ್ರದುರ್ಗಕ್ಕೆ ಬಂದು ಪತ್ರಿಕೆ ಸೇರಿದೆ. ಅಲ್ಲಿಂದೀಚೆಗೆ ಕೋರ್ಟು, ಕಚೇರಿ, ಪಂಚಾಯ್ತಿಗಳಲ್ಲಿ ಯಾರು ಏನು ಹೇಳಿದರೆಂದು ಬರೆಯುವುದೇ ನನ್ನ ಉದ್ಯೋಗ. ಇಬ್ಬರು ಹೇಳದೆ ಯಾವುದನ್ನೂ ಅಚ್ಚಿಗೆ ಕೊಟ್ಟಿಲ್ಲ. ಅಕ್ಕನ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಬರೆಯಬಹುದಾಗಿದ್ದವನು ನಾನೊಬ್ಬನೇ.

ಆದ್ದರಿಂದ ಈಗ ದಾಖಲಿಸುತ್ತೇನೆ. ನಾನು ನೋಡಿದ್ದೆ. ಆ ಆರೂ ಜನ ಬಾದಾಮಿಯ ತಟ್ಟೆಯಿಂದಲೇ ತಿಂದರು. ಏಳನೆಯವನು ನಾನು. ಹಿರಿಯರು ಇಳಿದು ಹೋದಮೇಲೆ ದೊರೆ ತಟ್ಟೆಯನ್ನು ನನ್ನ ಮುಂದೆಯೂ ಹಿಡಿದ, ಒಂದನ್ನು ತೆಗೆದುಕೊಂಡೆ. ಅವರಿಗೆ ಬಾದಾಮಿಯ ಅರ್ಥ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಎಷ್ಟು ಚಮಚ ಬ್ರಾಂದಿ ಎಂದು ಇಂಗ್ಲಿಷಿನಿಂದ ಓದಿ ಹೇಳಿದವನೇ ನಾನು. ನಾನು ತಿನ್ನುವಾಗ ಅಕ್ಕ ಬಾಗಿಲಲ್ಲಿ ನಿಂತಿದ್ದರು. ನಾನೂ ತಿಂದೆನೆಂದು ಚಾವಡಿಯಲ್ಲಿ ಹೇಳಬಹುದಿತ್ತು, ಹೇಳಲಿಲ್ಲ. ನಾನೇ ಹೇಳಲೆಂದು ಬಿಟ್ಟರು.

ಮುಂದಿನದನ್ನು ಹುಡುಗಿಯಿಂದ ಕೇಳಿ ಬರೆದುಕೊಂಡೆ. ಮೂರನೆಯ ವರ್ಷ ಗೌಡರು ತೀರಿಕೊಂಡಮೇಲೆ ಅವರ ಹೆಂಡತಿ ಹಗ್ಗವನ್ನು ತಾವೇ ತಂದು ಅಕ್ಕನ ಮನೆಯ ಬಾಗಿಲಲ್ಲಿ ಇಟ್ಟು, ಬಾವಿಗೆ ಬಾ ಎಂದು ಕರೆದರು. ಅಕ್ಕ ಅವರನ್ನು ಕೂರಿಸಿ ಶೇಂಗಾ ಉಂಡೆ ಕೊಟ್ಟರು. ಹಗ್ಗದಿಂದ ಎಮ್ಮೆ ಕಟ್ಟಿದರು. ಬಾವಿಗೆ ಹೋಗಲಿಲ್ಲ. ಕೈಲಾಗುವವರೆಗೆ ಹೊಳೆಯ ನೀರನ್ನೇ ತಂದರು. ದೊರೆ ಊರು ಬಿಟ್ಟಮೇಲೂ ಹಿರಿಯೂರಿನ ಅಂಗಡಿಯಿಂದ ಕೋಕೋ ಡಬ್ಬಿ ತರಿಸಿ ವರ್ಷಕ್ಕೊಮ್ಮೆ ಎರಡೂ ಬಗೆಯವನ್ನು ಮಾಡುತ್ತಿದ್ದರು. ಬಾದಾಮಿಯವನ್ನು ಯಾರಿಗೆ ಕೊಟ್ಟರೂ ಬ್ರಾಂದಿ ಇದೆ ಎಂದು ಮೊದಲು ಹೇಳಿಯೇ ಕೊಡುತ್ತಿದ್ದರು.

ಕಚೇರಿಯಲ್ಲಿ ಆಗ ಇಬ್ಬರು ಅಚ್ಚು ಜೋಡಿಸುವವರು, ಒಬ್ಬ ಉಪಸಂಪಾದಕ, ಜಾಹೀರಾತು ಕೊಡಲು ಬಂದಿದ್ದ ಮಂಡಿ ವರ್ತಕರೊಬ್ಬರು ಇದ್ದರು. ಡಬ್ಬಿಯಲ್ಲಿ ಏನಿದೆ ಎಂದು ವರ್ತಕರು ಕೇಳಿದರು. ಹೇಳಿದೆ. ಬಾದಾಮಿಯದರಲ್ಲಿ ಬ್ರಾಂದಿ ಇದೆ ಎಂಬುದನ್ನೂ ಹೇಳಿದೆ. ಆಮೇಲೆ ಅದರಲ್ಲೇ ಒಂದನ್ನು ತೆಗೆದುಕೊಂಡು ತಿಂದೆ.

ಹುಡುಗಿ ನೋಡಿದಳು. ನಾಲ್ಕು ಗಂಟೆಯ ಬಸ್ಸಿಗೆ ಹಿರಿಯೂರಿಗೆ ಹೊರಟಳು. ಡಬ್ಬಿ ನನ್ನ ಮೇಜಿನ ಮೇಲಿದೆ. ಶೇಂಗಾದವು ನಾಲ್ಕು, ಬಾದಾಮಿಯವು ನಾಲ್ಕು.